ಉದ್ಯಾನದ ಜಾಗದಲ್ಲಿ ಆಸ್ಪತ್ರೆ ಬಂದರೆ ತಪ್ಪೇನು?

ನಗರದ ಬಯಲು ಜಾಗಗಳಿಗೆ ಶತ್ರುಗಳು ಯಾರು? ಭೂಗಳ್ಳರು ಎಂಬುದು ಎಲ್ಲರೂ ಥಟ್ಟನೆ ಕೊಡುವ ಉತ್ತರ. ಆದರೆ ಬೆಂಗಳೂರಿನ ಉದ್ಯಾನಗಳ ಚರಿತ್ರೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಇಲ್ಲಿನ ಬಯಲುಗಳು ಎಷ್ಟೋ ಸಲ ಕರಗಿದ್ದು ಒಳ್ಳೆಯ ಕೆಲಸಗಳ ಹೆಸರಿನಲ್ಲಿಯೇ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಅರಸರ ತೋಟವಾಗಿತ್ತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಬ್ಬನ್ ಪಾರ್ಕನ್ನು ರೂಪಿಸಿದರು. 1898ರ ಪ್ಲೇಗು ಊರನ್ನು ತತ್ತರಿಸುವಂತೆ ಮಾಡಿದಾಗ ಗಾಳಿ ಬೆಳಕುಗಳ ಬೆಲೆ ಎಲ್ಲರಿಗೂ ತಿಳಿಯಿತು. ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಅಗಲವಾದ ರಸ್ತೆ, ಉದ್ಯಾನಗಳೊಂದಿಗೆ ಮೈದಳೆದವು. ಹೀಗೆ ಬಯಲೆಂಬುದು ಅರಸರ ವಿಹಾರದ ವಸ್ತುವಾಗಿ ಉಳಿಯದೆ ಜನರ ಆರೋಗ್ಯದ ಅಗತ್ಯವಾಯಿತು.

ಆದರೆ ಊರು ಬೆಳೆದಂತೆ ಖಾಲಿ ಜಾಗದ ಮೇಲೆ ಕಣ್ಣುಗಳೂ ಹೆಚ್ಚಿದವು. ಕಬ್ಬನ್ ಪಾರ್ಕಿನೊಳಗೆ ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಬಾಲಭವನ ಒಂದೊಂದಾಗಿ ತಲೆಯೆತ್ತಿದವು. ಪಕ್ಕದ ಸಂಪಂಗಿ ಕೆರೆ ಬತ್ತಿ ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇವುಗಳಲ್ಲಿ ಯಾವುದನ್ನೂ ಬೇಡವೆನ್ನಲಾಗದು. ಆದರೆ ಎಲ್ಲವನ್ನೂ ಕೂಡಿಸಿ ನೋಡಿದಾಗ ಮಾತ್ರ ಕಳೆದುಕೊಂಡದ್ದರ ಅಳತೆ ಸಿಗುತ್ತದೆ. ಸರ್ಕಾರಿ ಉದ್ಯಾನಗಳ ಜಾಗವನ್ನು ಪರಭಾರೆ ಮಾಡದಂತೆ ತಡೆಯಲು 1975ರಲ್ಲಿ ಕಾನೂನು ಬಂದದ್ದು ಈ ಹಿನ್ನೆಲೆಯಲ್ಲಿ.

ಬಡಾವಣೆಗಳ ಪುಟ್ಟ ಉದ್ಯಾನಗಳ ಪಾಡು ಮಾತ್ರ ಬೇರೆಯಾಗಿತ್ತು. ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಒಂದು ಜಾಗವನ್ನು ಬಿಡಲಾಗಿತ್ತು. 1976ರಲ್ಲಿ ಸರ್ಕಾರದ ಆದೇಶದಂತೆ ಅದನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ನೀಡಲಾಯಿತು. ಸುತ್ತಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಅವರ ಅರ್ಜಿಯನ್ನು ವಜಾ ಮಾಡಿತು, ವಿಭಾಗೀಯ ಪೀಠ ಅವರ ಪರ ನಿಂತಿತು. ಕಡೆಗೆ ವಿವಾದ ದಿಲ್ಲಿ ತಲುಪಿತು.

ಆಸ್ಪತ್ರೆಯೂ ಜನರಿಗಾಗಿಯೇ ಅಲ್ಲವೇ ಎಂಬುದು ಅಲ್ಲಿ ಎದ್ದ ಮುಖ್ಯ ಪ್ರಶ್ನೆ. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ಥೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟರು. ಆಸ್ಪತ್ರೆ ಬೇಕು, ಆದರೆ ಉದ್ಯಾನಕ್ಕೆ ಅದು ಬದಲಿಯಾಗದು. ಎಲ್ಲರಿಗೂ ತೆರೆದಿರುವ ಬಯಲನ್ನು ಖಾಸಗಿ ಆಸ್ಪತ್ರೆಗೆ ಕೊಡುವುದು ಸಾರ್ವಜನಿಕ ಹಿತವೆನಿಸದು. ಉದ್ಯಾನ ಕಳೆದುಕೊಳ್ಳುವ ನೆರೆಹೊರೆಯವರಿಗೆ ಅದನ್ನು ಪ್ರಶ್ನಿಸುವ ಹಕ್ಕೂ ಇದೆ. ಉದ್ಯಾನಗಳು ಒಂದು ಕಾಲಕ್ಕೆ ಸಿರಿವಂತರ ಸ್ವತ್ತಾಗಿದ್ದವು, ಸಮಾನತೆಯ ಭಾವನೆ ಬೆಳೆದಂತೆ ಅವು ಜನಸಾಮಾನ್ಯರದಾದವು ಎಂಬ ಚರಿತ್ರೆಯನ್ನೂ ತೀರ್ಪು ನೆನಪಿಸಿತು. ದೇಶದ ಬೇರೆ ಬೇರೆ ಊರುಗಳ ಬಯಲುಗಳ ಮೊಕದ್ದಮೆಗಳಲ್ಲಿ ಈ ತೀರ್ಪು ಇಂದಿಗೂ ಆಧಾರವಾಗಿದೆ.

ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. 1998ರಲ್ಲಿ ಕಬ್ಬನ್ ಪಾರ್ಕಿನ ಸುಮಾರು 32 ಎಕರೆಯನ್ನು ಗಡಿಯಿಂದ ಕೈಬಿಡಲು ಸರ್ಕಾರ ಮುಂದಾದಾಗ ನಾಗರಿಕರು ಬೀದಿಗಿಳಿದರು. ವಿಷಯ ಮತ್ತೆ ಹೈಕೋರ್ಟಿನ ಮೆಟ್ಟಿಲೇರಿತು. 1975ರ ಕಾನೂನು ಜಾರಿಯಲ್ಲಿತ್ತು. ಆದರೆ ಗಡಿಯನ್ನೇ ತಿದ್ದಿದರೆ ಆ ಗಡಿಯೊಳಗಿನದನ್ನು ಕಾಯುವ ಕಾನೂನು ಏನು ಮಾಡೀತು?

ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದು 1985ರಲ್ಲಿಯೂ ರಾಜ್ಯದಲ್ಲಿ ಒಂದು ಕಾನೂನು ಆಗಿದೆ. ಆದರೆ ನಕ್ಷೆಯಲ್ಲಿ ಹಸಿರು ಬಳಿದ ಜಾಗ ನೆಲದ ಮೇಲೂ ಹಸಿರಾಗಿಯೇ ಉಳಿಯಬೇಕಾದರೆ ಆ ನಕ್ಷೆಯನ್ನು ಓದಬಲ್ಲವರು ಬೀದಿಯಲ್ಲಿ ಇರಬೇಕು. ರಾಜಮಹಲ್ ವಿಲಾಸದ ನಿವಾಸಿಗಳು ಮಾಡಿದ್ದು ಅದನ್ನೇ. ಮುಂದೆಯೂ ಯಾವುದೋ ಬಡಾವಣೆಯ ಉದ್ಯಾನದ ಜಾಗಕ್ಕೆ ಗ್ರಂಥಾಲಯವೋ ಸಮುದಾಯ ಭವನವೋ ಬರುತ್ತದೆ ಎಂದಾಗ, ಅದು ಒಳ್ಳೆಯದೇ ಎಂದು ಕೇಳುವುದರ ಜೊತೆಗೆ, ಅದು ಇಲ್ಲಿಯೇ ಏಕೆ ಎಂದೂ ಕೇಳಬೇಕಾಗುತ್ತದೆ.