ಪೆಟ್ಟು ಒಬ್ಬರದು, ಹಕ್ಕು ಇನ್ನೊಬ್ಬರದು: ಹಾಡಿನೊಳಗಿನ ಚಂಡೆ, ಮದ್ದಳೆ, ತಮಟೆ

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ರಾತ್ರಿ ಯಕ್ಷಗಾನ ಇದ್ರೆ ಅದು ಯಾವ ದಿಕ್ಕಲ್ಲಿದೆ ಅಂತ ಮೊದಲು ಹೇಳೋದು ಚಂಡೆ. ಭಾಗವತರ ಪದ ತೋಟ ದಾಟಿ ಬರದಿದ್ರೂ ಚಂಡೆ ಪೆಟ್ಟು ಗುಡ್ಡ ಹತ್ತಿಳಿದು ಬರುತ್ತೆ. ಹಿಮ್ಮೇಳದಲ್ಲಿ ಮದ್ದಳೆ ಪದದ ಜೊತೆಗೇ ನಡೆಯುತ್ತದೆ; ಯುದ್ಧ, ರೌದ್ರದ ಏರುಘಟ್ಟಕ್ಕೆ ಚಂಡೆ ಸೇರಿಕೊಳ್ಳುತ್ತದೆ. ಬಡಗುತಿಟ್ಟಿನಲ್ಲಿ ಇವನ್ನು ಭಾಗವತರ ಶ್ರುತಿಗೆ ಕೂಡಿಸಿಕೊಳ್ಳುತ್ತಾರೆ. ಹಾಗಾಗಿ ಇದನ್ನು ಬರೀ ‘ಬೀಟ್’ ಅನ್ನೋದನ್ನು ನಾನಂತೂ ಒಪ್ಪಲ್ಲ. ಹಿರಿಯಡ್ಕ ಗೋಪಾಲರಾಯರು (1919–2020) ಏರು ಶ್ರುತಿಯ ಮದ್ದಳೆಯನ್ನು ಬಳಕೆಗೆ ತಂದ ಮೇಲೆ ಬಡಗಿನ ಹಿಮ್ಮೇಳದ ನಾದವೇ ಬದಲಾಯಿತು. ಒಬ್ಬ ವಾದಕ ಒಂದು ಕಲೆಯ ಧ್ವನಿಯನ್ನೇ ಬದಲಿಸಬಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಈ ಸದ್ದಿಗೆ ಸಿನಿಮಾದಲ್ಲಿ ಬೇಡಿಕೆ ಇದೆ. ‘ಕಾಂತಾರ’ (2022) ಬಂದ ಮೇಲಂತೂ ಕೇಳೋದೇ ಬೇಡ. ಅದರ ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಎನ್.ಆರ್.ಪುರದ ನೆರೆಯ ಭದ್ರಾವತಿಯವರು. ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ನಮ್ಮ ನೆಚ್ಚಿನ ಯಾವುದೇ ಹಾಡಿನಲ್ಲಿ ಚರ್ಮವಾದ್ಯ ನುಡಿಸಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ತಂತ್ರಜ್ಞಾನ ಇದನ್ನು ಇನ್ನಷ್ಟು ಜಟಿಲ ಮಾಡಿದೆ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಪೆಟ್ಟು ರೆಕಾರ್ಡ್ ಆದ ಕ್ಷಣವೇ ಅದು ಫೈಲ್. ಕತ್ತರಿಸಿ, ವೇಗ ಬದಲಿಸಿ, ಎಷ್ಟು ಹಾಡಿಗಾದರೂ ಅಂಟಿಸಬಹುದು. 1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡದ ‘ಅಮೆನ್, ಬ್ರದರ್’ನಲ್ಲಿ ಗ್ರೆಗರಿ ಕೋಲ್ಮನ್ ಆರೇಳು ಸೆಕೆಂಡ್ ಡ್ರಮ್ ಬಾರಿಸಿದರು. ಆ ತುಣುಕು ಮುಂದೆ ಹಿಪ್‌ಹಾಪ್, ಜಂಗಲ್ ಸಂಗೀತದ ಸಾವಿರಾರು ರೆಕಾರ್ಡಿಂಗ್‌ಗಳಲ್ಲಿ ಬಳಕೆಯಾಯಿತು. ಕೋಲ್ಮನ್ 2006ರಲ್ಲಿ ತೀರಿಕೊಂಡರು, ರಾಯಧನ ಒಂದು ಪೈಸೆ ಬರಲಿಲ್ಲ.

ನಮ್ಮ ಕಾನೂನು ಏನನ್ನುತ್ತೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಕರ್ತೃ ಅಂದ್ರೆ ಸಂಯೋಜಕ. ನುಡಿಸಿದವರು ‘ಪ್ರದರ್ಶಕ’. ಪ್ರದರ್ಶಕರ ಹಕ್ಕು 1994ರ ತಿದ್ದುಪಡಿಯಲ್ಲಿ ಬಂತು. ವಾಣಿಜ್ಯ ಬಳಕೆಗೆ ರಾಯಧನ, ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕು 2012ರಲ್ಲಿ ಸೇರಿದವು. ಕಾಗದದ ಮೇಲೆ ಚೆನ್ನಾಗೇ ಇದೆ. ಆದರೆ ಅದೇ 2012ರ ತಿದ್ದುಪಡಿ ಸಿನಿಮಾಕ್ಕೆ ಒಂದು ಕಿಂಡಿ ಬಿಟ್ಟಿತು: ಪ್ರದರ್ಶನ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಲ್ಲಿ ಅವರ ಹೆಸರನ್ನು ಕ್ರೆಡಿಟ್‌ನಲ್ಲಿ ಹಾಕುವ ವಾಡಿಕೆ ಇಲ್ಲದಿದ್ರೆ ಅವರು ಬಹುಮಟ್ಟಿಗೆ ಪ್ರದರ್ಶಕರೇ ಅಲ್ಲ! ಹೆಸರು ಹಾಕದ ಚಾಳಿಯೇ ಹಕ್ಕು ನಿರಾಕರಣೆಗೆ ಒಂದು ಆಧಾರ. ಚಂಡೆಯೋ ತಮಟೆಯೋ ‘ಪ್ರಾಸಂಗಿಕ’ ಹೌದಾ ಅಲ್ವಾ ಅಂತ ವಾದ ಮಾಡೋಕೆ ದಿನಗೂಲಿಯ ಕಲಾವಿದ ಯಾವ ವಕೀಲರನ್ನು ಹಿಡೀಬೇಕು?

ಇಲ್ಲಿ ಜಾತಿಯನ್ನು ಬಿಟ್ಟು ಮಾತಾಡೋಕಾಗಲ್ಲ. ಚರ್ಮವಾದ್ಯಗಳಲ್ಲೂ ಮೇಲು ಕೀಳಿದೆ: ಮೃದಂಗಕ್ಕೆ ಸಭಾಮರ್ಯಾದೆ, ಹಲಗೆ ಮತ್ತು ತಮಟೆಗೆ ಊರ ಹೊರಗಿನ ಜಾಗ. ದಲಿತರಿಗೆ ಹಲಗೆ ಬಡಿಯೋದು ಕಲೆ ಅನ್ನೋದಕ್ಕಿಂತ ಬಿಟ್ಟಿ ಚಾಕರಿಯಾಗಿತ್ತು. ಅದನ್ನು ಧಿಕ್ಕರಿಸಿದ್ದೂ ದಲಿತ ಚಳವಳಿಯ ಚರಿತ್ರೆಯ ಭಾಗವೇ. ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಖುಷಿಯೇ. ಆದರೆ ಪದ್ಮಶ್ರೀ ಒಬ್ಬರಿಗೆ, ರಾಯಧನ ಎಲ್ಲರಿಗೂ ಬರಬೇಕಾದ್ದು.

ಸಂಘಟನೆಯ ದಾರಿ ಇಲ್ಲದಿಲ್ಲ. ಗಾಯಕರ ಹಕ್ಕಿಗಾಗಿ 2013ರಲ್ಲಿ ಶುರುವಾದ ‘ಇಸ್ರಾ’ ಸಂಸ್ಥೆ ಆಮೇಲೆ ವಾದ್ಯಗಾರರನ್ನೂ ಸೇರಿಸಿಕೊಂಡು ‘ಇಸಾಮ್ರಾ’ ಆಗಿದೆ. ಮಲೆನಾಡಿನ ಹಿಮ್ಮೇಳದವರು ಸ್ಟುಡಿಯೋಗೆ ಹೋಗುವಾಗ ಕೇಳಬೇಕಾದ್ದು ಮೂರೇ: ಬರವಣಿಗೆಯ ಒಪ್ಪಂದ, ಸ್ಟ್ರೀಮಿಂಗ್ ಮಾಹಿತಿಯಲ್ಲಿ ಹೆಸರು, ಆ ಪೆಟ್ಟನ್ನು ಬೇರೆ ಹಾಡಿಗೆ ಬಳಸಿದ್ರೆ ಪ್ರತ್ಯೇಕ ಸಂಭಾವನೆ.