ಬಳ್ಳದಲ್ಲಿ ಅಳೆದ ಮುತ್ತು

ಹಂಪಿಗೆ ಹೋದವರಿಗೆ ಗೈಡುಗಳು ಹೇಳುವ ಮಾತೊಂದಿದೆ: ‘ಇಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು.’ ಈ ಚಿತ್ರಕ್ಕೆ ಬಣ್ಣ ಒದಗಿಸಿದವರು ಬಹುಮಟ್ಟಿಗೆ ವಿದೇಶೀ ಪ್ರವಾಸಿಗಳು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ, ಹೆರಾತ್‌ನ ಶಾರುಖ್ ಸುಲ್ತಾನನ ರಾಯಭಾರಿ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಬ್ಬರೂ ರತ್ನಗಳು ಬಜಾರಿನಲ್ಲಿ ಬಹಿರಂಗವಾಗಿ ಮಾರಾಟವಾಗುತ್ತಿದ್ದುದನ್ನು ಬರೆದಿದ್ದಾರೆ. ಬಳ್ಳವನ್ನು ಸೇರಿಸಿದವರು ಬಹುಶಃ ನಾವೇ.

ಇವರ ಮಾತನ್ನೆಲ್ಲ ಹಾಗೆಯೇ ನಂಬುವಂತಿಲ್ಲ. ವೆನಿಸಿನ ವ್ಯಾಪಾರಿ ನಿಕೊಲೊ ಕೊಂಟಿ ತನ್ನ ಪ್ರವಾಸವನ್ನು ತಾನು ಬರೆಯಲಿಲ್ಲ. ಊರಿಗೆ ಮರಳಿದ ಮೇಲೆ ಹೇಳಿದ್ದನ್ನು ಪೋಪನ ಕಾರ್ಯದರ್ಶಿ ಪೊಜ್ಜೊ ಬರೆದುಕೊಂಡ. ವಿಜಯನಗರದ ದೊರೆಗೆ 12 ಸಾವಿರ ಹೆಂಡಿರೆಂಬ ಲೆಕ್ಕ ಅದರಲ್ಲಿದೆ. ಎಣಿಸಿದವರಾರೋ!

ಆದರೂ ಪರಕೀಯನ ಕಣ್ಣಿಗೆ ಒಂದು ಅನುಕೂಲವಿದೆ. ನಮ್ಮವರಿಗೆ ದಿನನಿತ್ಯದ್ದಾಗಿದ್ದು, ಬರೆಯಲು ಯೋಗ್ಯವೆನಿಸದ್ದು, ಅವನಿಗೆ ಸುದ್ದಿ. ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದು ಹೇಳಿದವನು ಪಾಯೆಸ್. ರಾಯ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಬೆವರಿಳಿಯುವವರೆಗೆ ಸಾಮು ಮಾಡುತ್ತಿದ್ದನೆಂಬುದೂ ಅವನ ವಿವರವೇ. ಹೊಗಳುಭಟ್ಟರಿಂದ ಇದು ಸಿಗುವುದಿಲ್ಲ.

ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ಇಲ್ಲಿದ್ದ ಫೆರ್ನಾವೊ ನೂನಿಜ್ ಕುದುರೆ ವ್ಯಾಪಾರಿ ಎನ್ನುತ್ತಾರೆ. ಅವನ ಬರಹದಲ್ಲಿ ಕುದುರೆಯ ಲೆಕ್ಕ ಮತ್ತೆಮತ್ತೆ ಬರುತ್ತದೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಉತ್ತಮ ಕುದುರೆಗಾಗಿ ಆ ರಾಜ್ಯ ಎಷ್ಟು ಹಾತೊರೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಾಯೆಸ್ ಮತ್ತು ನೂನಿಜ್ ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಪ್ರಕಟಿಸಿದರು. 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದರು. ಅಂದಿನಿಂದ ನಾವು ಅದರಲ್ಲಿ ಆರಿಸಿಕೊಂಡದ್ದು ಹೆಚ್ಚಾಗಿ ಹೊಗಳಿಕೆಯನ್ನು. ನಗರ ರೋಮ್‌ನಷ್ಟು ದೊಡ್ಡದೆಂದ ಪಾಯೆಸ್‌ನ ಮಾತು ನಮಗೆ ಬಾಯಿಪಾಠ. ನೂನಿಜ್ ಬರೆದ ಸಹಗಮನದ ವಿವರ, ರಾಜರು ಇಲಿ, ಬೆಕ್ಕು, ಹಲ್ಲಿಗಳನ್ನೂ ತಿನ್ನುತ್ತಿದ್ದರೆಂಬ ಮಾತು ಉತ್ಸವದ ಭಾಷಣಗಳಿಗೆ ಒಗ್ಗುವುದಿಲ್ಲ. ಎರಡನೆಯದು ಕೇಳಿದ ಮಾತಾಗಿರಬಹುದು, ಒಪ್ಪೋಣ. ಆದರೆ ರೋಮ್‌ನ ಹೋಲಿಕೆಗೆ ನಾವು ಸಾಕ್ಷಿ ಕೇಳಿದ್ದುಂಟೆ?

ಅದೇ ನೂನಿಜ್ ಅರಮನೆಯಲ್ಲಿ ಲೆಕ್ಕ ಬರೆಯುವ, ಕುಸ್ತಿಯಾಡುವ, ಜ್ಯೋತಿಷ ಹೇಳುವ ಹೆಂಗಸರಿದ್ದರೆಂದೂ ಬರೆದಿದ್ದಾನೆ. ಆ ಸಾಲುಗಳೂ ಭಾಷಣಗಳಲ್ಲಿ ಅಪರೂಪ.