ರೀಸನ್ ಮತ್ತು ಕಾಸ್: ಪ್ರೆಪೊಸಿಷನ್ ಬಳಕೆ

'ರೀಸನ್' ಮತ್ತು 'ಕಾಸ್' ಇಂಗ್ಲಿಷ್ ಭಾಷೆಯ ಎರಡು ಸಾಮಾನ್ಯ ನಾಮಪದಗಳು. ಕನ್ನಡದಲ್ಲಿ ಇವೆರಡಕ್ಕೂ 'ಕಾರಣ' ಎಂಬ ಒಂದೇ ಪದ ರೂಢಿಯಲ್ಲಿದೆ. ಇಂಗ್ಲಿಷಿನಲ್ಲಿ ಮಾತ್ರ ಇವುಗಳ ನಂತರ ಬರುವ ಪ್ರೆಪೊಸಿಷನ್‌ಗಳು ಭಿನ್ನವಾಗಿವೆ. ಸಾಮಾನ್ಯವಾಗಿ 'ರೀಸನ್' ಪದವು 'ಫಾರ್' ಅನ್ನೂ 'ಕಾಸ್' ಪದವು 'ಆಫ್' ಅನ್ನೂ ಅಪೇಕ್ಷಿಸುತ್ತದೆ.

ವ್ಯುತ್ಪತ್ತಿ
ಎರಡೂ ಪದಗಳು ಲ್ಯಾಟಿನ್ ಮೂಲದವಾಗಿದ್ದು, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿವೆ. 'ರೀಸನ್' ಪದದ ಮೂಲವು ಲೆಕ್ಕ, ವಿವೇಚನೆ ಎಂಬ ಅರ್ಥಗಳುಳ್ಳ 'ರಾಟಿಯೊ'. 'ಕಾಸ್' ಪದದ ಮೂಲವು ಕಾರಣ, ವ್ಯಾಜ್ಯ ಎಂಬ ಅರ್ಥಗಳುಳ್ಳ 'ಕೌಸಾ'.

ಅರ್ಥವ್ಯತ್ಯಾಸ
ಒಂದು ಘಟನೆಯನ್ನು ಉಂಟುಮಾಡಿದ ಸಂಗತಿಯೇ 'ಕಾಸ್'. ಬೆಂಕಿ ಅವಘಡಕ್ಕೆ ವಿದ್ಯುತ್ ತಂತಿಯ ದೋಷ ಕಾರಣವಾದರೆ ಅದು 'ಕಾಸ್ ಆಫ್ ದ ಫೈರ್'. ಮರಣವನ್ನು ಪ್ರಮಾಣೀಕರಿಸುವ ವೈದ್ಯಕೀಯ ಪತ್ರದಲ್ಲಿ 'ಕಾಸ್ ಆಫ್ ಡೆತ್' ಎಂದಿರುವುದೂ ಇದರಿಂದಲೇ. ಒಂದು ಕ್ರಿಯೆಗೆ ಅಥವಾ ಸ್ಥಿತಿಗೆ ನೀಡುವ ವಿವರಣೆ ಇಲ್ಲವೆ ಸಮರ್ಥನೆ 'ರೀಸನ್' ಎನಿಸುತ್ತದೆ. ರಜೆ ಕೋರುವ ಅರ್ಜಿಯಲ್ಲಿ ವಿದ್ಯಾರ್ಥಿಯು ತಿಳಿಸುವುದು 'ರೀಸನ್ ಫಾರ್ ಆಬ್ಸೆನ್ಸ್'.

ಇತರ ಪ್ರಯೋಗಗಳು
* ಕ್ರಿಯಾಪದದ ಮೂಲರೂಪ ಬಂದಾಗ 'ಟು' ಸೇರುತ್ತದೆ: 'ರೀಸನ್ ಟು ಬಿಲೀವ್'.
* ಪೂರ್ಣ ಉಪವಾಕ್ಯ ಬಂದಾಗ 'ವೈ' ಅಥವಾ 'ದ್ಯಾಟ್' ಬರುತ್ತದೆ: 'ದ ರೀಸನ್ ವೈ ಹಿ ಲೆಫ್ಟ್'.
* 'ತಕ್ಕ ಆಧಾರ' ಎಂಬ ಅರ್ಥದಲ್ಲಿ 'ಕಾಸ್' ಕೂಡ 'ಫಾರ್' ಅನ್ನು ಪಡೆಯುತ್ತದೆ: 'ಕಾಸ್ ಫಾರ್ ಕನ್ಸರ್ನ್', ಅಂದರೆ ಕಳವಳಪಡಲು ತಕ್ಕ ಆಧಾರ.
* 'ಫಾರ್ ರೀಸನ್ಸ್ ಆಫ್ ಸೆಕ್ಯೂರಿಟಿ' ಮುಂತಾದ ರೂಢಿಯ ಪದಗುಚ್ಛಗಳಲ್ಲಿ ಮಾತ್ರ 'ರೀಸನ್' ಪದದ ನಂತರ 'ಆಫ್' ಸಾಧುವಾಗಿದೆ.

ಕನ್ನಡ ಭಾಷಿಕರ ತೊಡಕು
ಕನ್ನಡದಲ್ಲಿ ಈ ಸಂಬಂಧವನ್ನು ಚತುರ್ಥೀ ವಿಭಕ್ತಿ ಸೂಚಿಸುತ್ತದೆ. 'ವಿಳಂಬಕ್ಕೆ ಕಾರಣ', 'ಜ್ವರಕ್ಕೆ ಕಾರಣ', 'ಪ್ರಶ್ನೆಗೆ ಉತ್ತರ', 'ಅಕ್ಕಿಗೆ ಬೇಡಿಕೆ' ಇವೆಲ್ಲವುಗಳಲ್ಲಿ ವಿಭಕ್ತಿ ಒಂದೇ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ 'ರೀಸನ್ ಫಾರ್', 'ಕಾಸ್ ಆಫ್', 'ಆನ್ಸರ್ ಟು', 'ಡಿಮ್ಯಾಂಡ್ ಫಾರ್' ಆಗುತ್ತವೆ. ವಿಭಕ್ತಿ ಪ್ರತ್ಯಯವನ್ನು ಆಧರಿಸಿ ಪ್ರೆಪೊಸಿಷನ್ ಆರಿಸಿದರೆ 'ರೀಸನ್ ಟು ದ ಡಿಲೇ' ಎಂಬಂತಹ ಅಸಾಧು ರೂಪ ಉಂಟಾಗುತ್ತದೆ. ಆದುದರಿಂದ ನಾಮಪದವನ್ನು ಅದರ ಪ್ರೆಪೊಸಿಷನ್ನಿನೊಡನೆ ಒಂದೇ ಘಟಕವಾಗಿ ಕಲಿಯುವುದು ಉಪಯುಕ್ತ.

ಕಾನೂನಿನ ಭಾಷೆಯಲ್ಲಿ
1860ರ ಭಾರತೀಯ ದಂಡ ಸಂಹಿತೆಯ 26ನೆಯ ಕಲಮು 'ರೀಸನ್ ಟು ಬಿಲೀವ್' ಎಂಬುದನ್ನು ವ್ಯಾಖ್ಯಾನಿಸಿತ್ತು. ನಂಬಲು ಸಾಕಷ್ಟು 'ಕಾಸ್' ಇದ್ದಾಗ ಮಾತ್ರ ವ್ಯಕ್ತಿಗೆ ನಂಬುವ 'ರೀಸನ್' ಇದೆಯೆಂದು ಅದರ ತಾತ್ಪರ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಪದಗುಚ್ಛವನ್ನು ಉಳಿಸಿಕೊಂಡಿದೆ. ಸರ್ಕಾರಿ ಕಚೇರಿಗಳ 'ಷೋಕಾಸ್ ನೋಟಿಸ್', ಅಂದರೆ ಕಾರಣ ಕೇಳುವ ನೋಟಿಸ್, ಎಂಬಲ್ಲಿಯೂ 'ಕಾಸ್' ಪದಕ್ಕೆ ಸಮರ್ಥನೆ ಎಂಬ ಅರ್ಥವೇ ಇದೆ.